ಸೂರ್ಯಪ್ರಕೋಪವೂ ಸಾಲಗಾಮೆ ರಸ್ತೆಯೂ

ಹಾಸನ ಸೀಮೆಯ ಹಳ್ಳಿಗಳಲ್ಲಿ ದೇವಾಲಯದ ಅಂಗಳದಲ್ಲಾಗಲಿ, ಕೆರೆಯ ಏರಿಯ ಮೇಲಾಗಲಿ, ಗದ್ದೆಯ ಬದುವಿನಲ್ಲಾಗಲಿ ನಿಂತಿರತಕ್ಕ ದತ್ತಿಶಾಸನಗಳನ್ನು ನೋಡಿದವರು, ಅವುಗಳಲ್ಲಿ ಅನೇಕವುಗಳ ನೆತ್ತಿಯ ಮೇಲೆ ಸೂರ್ಯ ಚಂದ್ರರ ಎರಡು ಪುಟ್ಟ ಉಬ್ಬುಚಿತ್ರಗಳನ್ನು ಕಂಡಿರುತ್ತಾರೆ. ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಈ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ ಹೊರತಂದರಷ್ಟೆ, ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂಬ ಆ ಭಾಗಗಳನ್ನು ಒಂದೊಂದಾಗಿ ಓದುತ್ತ ಹೋದರೆ, ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಧಾರೆಯೆರೆದ ಭೂಮಿ, ಸಂಕ್ರಮಣದಂದು ಬಿಟ್ಟ ಗದ್ದೆ, ಸೂರ್ಯಚಂದ್ರರು ಇರುವ ತನಕ ಸಲ್ಲಬೇಕೆಂದು ವಿಧಿಸಿದ ದತ್ತಿ ಇವೇ ಮತ್ತೆ ಮತ್ತೆ ಎದುರಾಗುತ್ತವೆ. ರಾಜವಂಶಗಳು ಅಳಿದಾವು, ಊರುಗಳು ಹಾಳುಬಿದ್ದಾವು, ಆದರೆ ಆ ಎರಡು ಜ್ಯೋತಿಗಳು ಮಾತ್ರ ಇದ್ದಂತೆಯೇ ಇರುವುವು ಎಂಬ ಭರವಸೆಯ ಮೇಲೆ ಆ ಕಾಲದ ಕಂದಾಯದ ವ್ಯವಹಾರವೆಲ್ಲವೂ ನಿಂತಿತ್ತು.

ಆ ಭರವಸೆ ಬಹುಮಟ್ಟಿಗೆ ಸರಿಯಾದದ್ದೇ. ಸೂರ್ಯನಿಂದ ನಮಗೆ ಬರುವ ಬೆಳಕು ಮತ್ತು ಶಾಖಗಳ ಮೊತ್ತವು ಹನ್ನೊಂದು ವರ್ಷಗಳ ಸೌರಚಕ್ರದ ಏರಿಳಿತದಲ್ಲಿಯೂ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ವ್ಯತ್ಯಾಸವಾಗುತ್ತದೆಯಾದ್ದರಿಂದ, ಹೇಮಾವತಿಯ ಬಯಲಿನಲ್ಲಿ ಭತ್ತ ಬೆಳೆಯುವವನಿಗಾಗಲಿ ಅರಕಲಗೂಡಿನ ಹೊಗೆಸೊಪ್ಪಿನ ಒಕ್ಕಲಿಗನಿಗಾಗಲಿ ಅದು ಗೊತ್ತಾಗುವ ಮಾತಿಲ್ಲ. ಸೂರ್ಯನ ಚಾಂಚಲ್ಯವೆಲ್ಲ ಅಡಗಿರುವುದು ಕಣ್ಣಿಗೆ ಕಾಣದ ಕಿರಣಗಳಲ್ಲಿ. ಕ್ಷ-ಕಿರಣಗಳಲ್ಲಿ ನೋಡಿದರೆ ಇದೇ ಸೂರ್ಯ ಕೆಲವು ನಿಮಿಷಗಳ ಅವಧಿಯಲ್ಲಿ ನೂರುಪಾಲು, ಒಮ್ಮೊಮ್ಮೆ ಸಾವಿರಪಾಲು ಹೆಚ್ಚಾಗಿ ಉರಿದು, ಒಂದೆರಡು ಗಂಟೆಗಳಲ್ಲಿ ತಣ್ಣಗಾಗುವುದುಂಟು. ಇದಕ್ಕೆ ಸೌರಜ್ವಾಲೆ ಎಂದು ಹೆಸರು.

ಜ್ವಾಲೆಯ ತವರು ಸೌರಕಲೆಗಳು. 1908ರಲ್ಲಿ ಅಮೆರಿಕೆಯ ಜಾರ್ಜ್ ಎಲರಿ ಹೇಲ್ ಅವರು ಈ ಕಪ್ಪು ಕಲೆಗಳಲ್ಲಿ ಪ್ರಬಲವಾದ ಕಾಂತಕ್ಷೇತ್ರವಿರುವುದನ್ನು ತೋರಿಸಿಕೊಟ್ಟರು. ಮರುವರ್ಷವೇ, ಎಂದರೆ 1909ರಲ್ಲಿ, ನಮ್ಮ ನೆರೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಅವರು ಕಲೆಯ ಅಂಚಿನಿಂದ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಸೂರ್ಯನ ಮೈಯೆಂಬುದು ವಿದ್ಯುದಂಶಗಳಿಂದ ಕೂಡಿದ ಅನಿಲವಾದ್ದರಿಂದ, ಅದು ಕುದಿದು ಹೊರಳಾಡುವಾಗ ಕಾಂತರೇಖೆಗಳೂ ಅದರೊಡನೆಯೇ ಎಳೆಯಲ್ಪಟ್ಟು, ತಿರುಚಿಕೊಂಡು, ಕಲೆಗಳ ನಡುವೆ ಕಮಾನುಗಳಂತೆ ಮೇಲೆದ್ದು ನಿಲ್ಲುತ್ತವೆ. ಈ ತಿರುಚು ಒಂದು ಮಿತಿಯನ್ನು ಮೀರಿದಾಗ, ಎದುರುಬದುರು ದಿಕ್ಕಿನ ರೇಖೆಗಳು ಒಂದನ್ನೊಂದು ಸಂಧಿಸಿ, ಕಡಿದು, ಬೇರೊಂದು ಸರಳವಾದ ವಿನ್ಯಾಸದಲ್ಲಿ ಮರಳಿ ಕೂಡಿಕೊಳ್ಳುವುವು. ಹಾಗೆ ಕೂಡಿಕೊಳ್ಳುವಾಗ, ದಿನಗಟ್ಟಲೆ ಸಂಚಿತವಾಗಿದ್ದ ಶಕ್ತಿಯು ನಿಮಿಷಗಳಲ್ಲಿ ಬಿಡುಗಡೆಯಾಗಿ, ಸುತ್ತಲಿನ ಅನಿಲವನ್ನು ಕೋಟಿ ಡಿಗ್ರಿಗಳವರೆಗೂ ಕಾಯಿಸುತ್ತದೆ. ದೊಡ್ಡ ಜ್ವಾಲೆಯೊಂದರಲ್ಲಿ ಹೊರಬೀಳುವ ಶಕ್ತಿ, ಒಂದರ ಮುಂದೆ ಇಪ್ಪತ್ತೈದು ಸೊನ್ನೆಗಳನ್ನಿಟ್ಟಷ್ಟು ಜೂಲ್. ಈ ಸಂಖ್ಯೆಯನ್ನು ಕೇಳಿ ಬೆರಗಾಗುವ ಮೊದಲು, ಸೂರ್ಯನು ಒಂದೇ ಸೆಕೆಂಡಿನಲ್ಲಿ ಸೂಸುವ ಒಟ್ಟು ಶಕ್ತಿಯ ಸುಮಾರು ನಲವತ್ತರಲ್ಲೊಂದು ಪಾಲು ಮಾತ್ರ ಇದೆಂಬುದನ್ನು ನೆನೆಯುವುದು ಮೇಲು.

ಈ ಸ್ಫೋಟದ ಸುದ್ದಿ ಭೂಮಿಗೆ ಒಂದೇ ಸಲಕ್ಕೆ ಬರುವುದಿಲ್ಲ. ಕ್ಷ-ಕಿರಣಗಳು ಬೆಳಕಿನ ವೇಗದವಾದ್ದರಿಂದ ಎಂಟೂಕಾಲು ನಿಮಿಷಗಳಲ್ಲಿ ಬಂದು ತಲುಪುತ್ತವೆ. ಎಂದರೆ, ಜ್ವಾಲೆ ಎದ್ದಿತೆಂದು ನಾವು ತಿಳಿಯುವ ಕ್ಷಣವೂ ಅದು ನಮ್ಮನ್ನು ಮುಟ್ಟುವ ಕ್ಷಣವೂ ಒಂದೇ. ಅದರ ಬೆನ್ನಿಗೆ, ಬೆಳಕಿನಷ್ಟಲ್ಲದಿದ್ದರೂ ಮಹಾವೇಗವನ್ನು ಪಡೆದ ಪ್ರೋಟಾನುಗಳು ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಬರಬಹುದು. ಕಡೆಯಲ್ಲಿ ಬರುವುದು, ಎಲ್ಲಕ್ಕೂ ಭಾರವಾದದ್ದು: ಜ್ವಾಲೆಯೊಡನೆ ಅನೇಕ ವೇಳೆ ಸೂರ್ಯನ ಕಿರೀಟದಿಂದ ಕಿತ್ತುಬರುವ, ಕೋಟ್ಯಂತರ ಟನ್ನುಗಳ ತೂಕವುಳ್ಳ, ತನ್ನದೇ ಕಾಂತಕ್ಷೇತ್ರವನ್ನು ಒಡಲಲ್ಲಿ ಹೊತ್ತ ಅನಿಲದ ಮೇಘ. ಕಿರೀಟದ್ರವ್ಯದ ಉತ್ಸರ್ಜನೆ ಎನ್ನಲಾಗುವ ಈ ಮೇಘಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನಗಳ ಪ್ರಯಾಣ. ಅತ್ಯಂತ ವೇಗದವು ಒಂದು ದಿನಕ್ಕೂ ಮುಂಚೆ ಬಂದದ್ದುಂಟು. ಪತ್ರಿಕೆಗಳು ಜ್ವಾಲೆಗೂ ಮೇಘಕ್ಕೂ ಭೇದವೆಣಿಸದೆ ‘ಸೌರ ಸುನಾಮಿ’ ಎಂದು ದಪ್ಪಕ್ಷರಗಳಲ್ಲಿ ಅಚ್ಚುಹಾಕುವುದು ನನಗೆ ಸರಿತೋರದ ವಿಷಯ. ಜ್ವಾಲೆಯ ಕಿರಣಗಳು ಕೆಡಿಸುವುದು ಹಗಲಿನ ಗೋಳಾರ್ಧದ ರೇಡಿಯೊ ಸಂಪರ್ಕವನ್ನು, ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುವುದು ಮೇಘ. ಜ್ವಾಲೆಯಿದ್ದೂ ಮೇಘವಿಲ್ಲದಿರಬಹುದು, ಮೇಘವಿದ್ದೂ ಅದು ನಮ್ಮ ದಿಕ್ಕಿಗೆ ಬಾರದೆ ಹೋಗಬಹುದು.

ಸೂರ್ಯನ ಜ್ವಾಲೆಗೂ ಭೂಮಿಯ ಕಾಂತಕ್ಷೇತ್ರದ ಅಲುಗಾಟಕ್ಕೂ ಇರುವ ಸಂಬಂಧದ ಸುಳಿವು ಮನುಷ್ಯನಿಗೆ ದೊರೆತದ್ದು 1859ರ ಸೆಪ್ಟೆಂಬರ್ 1ರ ಘಟನೆಯಿಂದ. ಆ ಬೆಳಿಗ್ಗೆ ಇಂಗ್ಲೆಂಡಿನಲ್ಲಿ ಸೌರಕಲೆಗಳನ್ನು ಚಿತ್ರಿಸುತ್ತಿದ್ದ ರಿಚರ್ಡ್ ಕ್ಯಾರಿಂಗ್‌ಟನ್ ಅವರಿಗೆ ಕಲೆಗಳ ಗುಂಪಿನ ಮೇಲೆ ಎರಡು ಬಿಳಿಯ ಬೆಳಕುಗಳು ಫಕ್ಕನೆ ಹೊತ್ತಿ ಕೆಲವು ನಿಮಿಷಗಳಲ್ಲಿ ಆರಿಹೋದದ್ದು ಕಾಣಿಸಿತು; ಬೇರೊಂದು ಸ್ಥಳದಲ್ಲಿ ರಿಚರ್ಡ್ ಹಾಡ್‌ಸನ್ ಎಂಬವರೂ ಅದನ್ನೇ ಕಂಡರು. ಸುಮಾರು ಹದಿನೇಳೂವರೆ ಗಂಟೆಗಳ ತರುವಾಯ ಭೂಮಿಯ ಕಾಂತಕ್ಷೇತ್ರ ಕಂಪಿಸಿ, ತಂತಿಟಪಾಲಿನ ಯಂತ್ರಗಳು ಕಿಡಿಕಾರಿದುವು. ಈ ಕಥೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಆ ಭೂಕಾಂತೀಯ ಬಿರುಗಾಳಿಯ ಅತ್ಯಂತ ಬೆಲೆಯುಳ್ಳ ದಾಖಲೆಯೊಂದು ದೊರೆತದ್ದು ಲಂಡನ್ನಿನಲ್ಲಲ್ಲದೆ ನಮ್ಮ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಎಂಬುದನ್ನು ಹೇಳುವವರು ಕಡಮೆ. ಅಲ್ಲಿ ಕಾಂತಸೂಜಿಯ ಮುಂದೆ ಕುಳಿತು ಕೈಯಿಂದ ಅಂಕಗಳನ್ನು ಬರೆದುಕೊಳ್ಳುತ್ತಿದ್ದವರು, ಸಮತಲ ದಿಕ್ಕಿನ ಕಾಂತಬಲ ಸುಮಾರು 1600 ನ್ಯಾನೊಟೆಸ್ಲಾಗಳಷ್ಟು ಕುಸಿದದ್ದನ್ನು ಗುರುತಿಸಿದರು. ಧ್ರುವಗಳ ಸಮೀಪದ ವೀಕ್ಷಣಾಲಯಗಳಲ್ಲಿ ಮುಳ್ಳು ಅಳತೆಪಟ್ಟಿಯನ್ನೇ ದಾಟಿಹೋಗಿದ್ದಾಗ, ಈ ಕೈಬರಹದ ಅಂಕೆಗಳನ್ನು ಆಧರಿಸಿಯೇ 2003ರಲ್ಲಿ ಬ್ರೂಸ್ ಸುರುತಾನಿ ಅವರೂ ನಮ್ಮ ಭೂಕಾಂತ ಸಂಸ್ಥೆಯ ಜಿ. ಎಸ್. ಲಖಿನಾ ಮುಂತಾದವರೂ ಆ ಬಿರುಗಾಳಿಯ ಪ್ರಮಾಣವನ್ನು ಲೆಕ್ಕಹಾಕಿದರು. ವಿದ್ಯುತ್ ಟ್ರಾಮುಗಳು ಬಂದು ಸೂಜಿಗಳನ್ನು ಗೊಂದಲಕ್ಕೀಡುಮಾಡಿದಾಗ, 1904ರಲ್ಲಿ, ಆ ಅಳತೆಯ ಕೆಲಸ ಅಲಿಬಾಗಿಗೆ ಸ್ಥಳಾಂತರಗೊಂಡಿತು.

ಹಾಗಾದರೆ ಹಾಸನದ ನೆಲಕ್ಕೆ ಏನಾಗುತ್ತದೆ? ನೇರವಾಗಿ ಹೇಳಬೇಕೆಂದರೆ, ಬಹಳ ಸ್ವಲ್ಪ. ಭೂಮಿಯ ಕಾಂತರೇಖೆಗಳು ಧ್ರುವಗಳ ಬಳಿ ಲಂಬವಾಗಿ ನೆಲಕ್ಕಿಳಿಯುತ್ತವೆ. ಆಕಾಶದಿಂದ ಬಂದ ವಿದ್ಯುತ್ಕಣಗಳು ಅವನ್ನೇ ದಾರಿಯಾಗಿ ಹಿಡಿದು ವಾಯುಮಂಡಲದೊಳಕ್ಕೆ ನುಗ್ಗುವುದರಿಂದ ಅಲ್ಲಿ ಧ್ರುವಪ್ರಭೆಯ ಹಸುರು ಕೆಂಪು ತೆರೆಗಳು ಕಾಣಿಸಿಕೊಳ್ಳುವುವು. ಕಾಂತೀಯ ವಿಷುವದ್ವೃತ್ತವಾದರೋ ಭಾರತದ ದಕ್ಷಿಣದ ತುದಿಯ ಮೇಲೆ ಹಾದುಹೋಗುತ್ತದೆ. 1963ರಲ್ಲಿ ತುಂಬಾದಲ್ಲಿ ರಾಕೆಟ್ ಕೇಂದ್ರವನ್ನು ಕಟ್ಟಲು ಅದೇ ಕಾರಣವಾಯಿತು. ಹಾಸನ ಅದಕ್ಕೆ ಕೆಲವೇ ನೂರು ಕಿಲೋಮೀಟರುಗಳಷ್ಟು ಉತ್ತರಕ್ಕಿರುವುದರಿಂದ ಇಲ್ಲಿ ಕಾಂತರೇಖೆಗಳು ಬಹುಪಾಲು ನೆಲಕ್ಕೆ ಸಮಾನಾಂತರವಾಗಿ ಮಲಗಿವೆ. ಅವನ್ನು ಅಡ್ಡಹಾಯ್ದು ಕೆಳಗಿಳಿಯುವುದು ಕಣಗಳಿಗೆ ಸುಲಭಸಾಧ್ಯವಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ನೆಲದೊಳಗೆ ಪ್ರೇರಿತವಾದ ವಿದ್ಯುತ್ತು ಪ್ರಸರಣಜಾಲವನ್ನು ಎರಡು ನಿಮಿಷದೊಳಗೆ ಉರುಳಿಸಿ, ಅರುವತ್ತು ಲಕ್ಷ ಜನರನ್ನು ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿ ಕೂರಿಸಿತಲ್ಲ, ಅಂಥ ವಿಪತ್ತಿನ ಭಯ ನಮ್ಮ ಅಕ್ಷಾಂಶದಲ್ಲಿ ಅತ್ಯಲ್ಪ. ಹೊಳೆನರಸೀಪುರದಲ್ಲಿ ಕರೆಂಟು ಹೋಯಿತೆಂದರೆ ಸೂರ್ಯನನ್ನು ಶಂಕಿಸುವುದಕ್ಕೆ ಮೊದಲು ಮುಂಗಾರಿನ ಗಾಳಿಯನ್ನೂ ತಂತಿಯ ಮೇಲೆ ಬಿದ್ದ ತೆಂಗಿನ ಗರಿಯನ್ನೂ ಶಂಕಿಸುವುದೇ ವಿಹಿತ.

ನೆಲಕ್ಕೆ ಹೀಗೆ ಒಂದು ರಕ್ಷೆಯುಂಟು. ಆದರೆ ನೆಲದಿಂದ 35,786 ಕಿಲೋಮೀಟರ್ ಮೇಲೆ ನಾವಾಗಿ ಒಯ್ದು ಇರಿಸಿರತಕ್ಕ ವಸ್ತುಗಳಿಗೆ ಆ ರಕ್ಷೆ ಅಷ್ಟಾಗಿ ಇಲ್ಲ. ಮತ್ತು ಆ ವಸ್ತುಗಳನ್ನು ಹಗಲಿರುಳು ಕಾಯುವ ಕೆಲಸ ಯಾವ ಊರಿನ ಪಾಲಿಗೆ ಬಂದಿದೆಯೋ ಆ ಊರು ಹಾಸನ. ಸಾಲಗಾಮೆ ರಸ್ತೆಯಲ್ಲಿ ಆಕಾಶಕ್ಕೆ ಮುಖಮಾಡಿ ನಿಂತ ಬೃಹದಾಕಾರದ ಬಿಳಿಯ ಆಂಟೆನಾಗಳನ್ನು ದಾರಿಹೋಕರೆಲ್ಲ ಬಲ್ಲರು, ಎಂ.ಸಿ.ಎಫ್. ಎಂದರೆ ಆಟೋದವರಿಗೂ ತಿಳಿಯುತ್ತದೆ. ಇಸ್ರೋದ ಈ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಇನ್ಸಾಟ್ ಮಾಲೆಯ ಮೊದಲನೆಯ ಉಪಗ್ರಹಕ್ಕಾಗಿ ಸ್ಥಾಪಿತವಾಯಿತು. ಉಪಗ್ರಹ ರಾಕೆಟ್ಟಿನಿಂದ ಬೇರ್ಪಟ್ಟ ಕ್ಷಣದಿಂದ ಅದರ ಕಕ್ಷೆಯನ್ನು ಹಂತಹಂತವಾಗಿ ಏರಿಸುವುದು, ರೆಕ್ಕೆಗಳನ್ನು ಬಿಚ್ಚಿಸುವುದು, ಆಮೇಲೆ ಅದು ಬದುಕಿರುವಷ್ಟು ಕಾಲವೂ ಅದರ ನಿಲುವು, ಉಷ್ಣತೆ, ವಿದ್ಯುತ್ತು ಇವನ್ನೆಲ್ಲ ಪಾಳಿಯ ಮೇಲೆ ಕುಳಿತು ನೋಡಿಕೊಳ್ಳುವುದು ಇಲ್ಲಿನ ಇಂಜಿನಿಯರುಗಳ ಕಸುಬು. 2005ರಲ್ಲಿ ಭೋಪಾಲಿನಲ್ಲಿ ಇದರ ಒಂದು ಜೊತೆಗೇಂದ್ರ ಹುಟ್ಟಿಕೊಂಡಿತು. ಅದುವರೆಗೆ ಭಾರತದ ಭೂಸ್ಥಿರ ಉಪಗ್ರಹಗಳಿಗೆಲ್ಲ ಇದೊಂದೇ ಆಸರೆ.

ಈ ಕೇಂದ್ರಕ್ಕೂ ಸೂರ್ಯನಿಗೂ ಮೊದಲ ದಿನದಿಂದಲೇ ಒಂದು ಬಗೆಯ ಜಗ್ಗಾಟವಿದ್ದಿತೆಂದು ಹೇಳಬಹುದು. ಇನ್ಸಾಟ್ ಉಪಗ್ರಹದಲ್ಲಿ ಮೋಡಗಳ ಚಿತ್ರ ತೆಗೆಯುವ ಉಪಕರಣವೊಂದಿರುತ್ತದೆ. ಅದರ ಅವರಕ್ತ ಸಂವೇದಕಗಳು ಅತಿಶೀತಲವಾಗಿದ್ದಲ್ಲದೆ ಕೆಲಸಮಾಡಲಾರವಾಗಿ, ಅವುಗಳ ಶಾಖವನ್ನು ಬರಿಯ ಆಕಾಶಕ್ಕೆ ಹೊರಸೂಸುವಂತೆ ಉಪಗ್ರಹದ ಒಂದು ಪಾರ್ಶ್ವವನ್ನು ಪೂರ್ತಿಯಾಗಿ ಖಾಲಿ ಬಿಡಬೇಕಾಗುತ್ತದೆ. ಆದುದರಿಂದ ಸೌರಫಲಕದ ರೆಕ್ಕೆ ಇನ್ನೊಂದು ಪಾರ್ಶ್ವದಲ್ಲಿ ಮಾತ್ರ. ಕಾವಡಿಯ ಒಂದೇ ತುದಿಗೆ ಹೊರೆ ಕಟ್ಟಿದಂತಾಯಿತು. ಬಿಸಿಲಿಗೂ ಒತ್ತಡವುಂಟು, ಒಂದು ಚದರ ಮೀಟರಿನ ಮೇಲೆ ಅದು ಒಂದು ಮಿಲಿಗ್ರಾಂ ತೂಕಕ್ಕೂ ಕಡಮೆಯೇ ಆದರೂ, ಒಂದೇ ಕಡೆಯ ರೆಕ್ಕೆಯ ಮೇಲೆ ತಿಂಗಳುಗಟ್ಟಲೆ ಬಿದ್ದರೆ ಉಪಗ್ರಹವನ್ನು ಓರೆಮಾಡಲು ಅಷ್ಟೇ ಸಾಕು. ಅದನ್ನು ಸರಿದೂಗಿಸಲೆಂದು ಮೊದಲ ಇನ್ಸಾಟುಗಳಲ್ಲಿ ಎದುರು ಪಾರ್ಶ್ವದಿಂದ ಉದ್ದನೆಯ ತೋಳೊಂದನ್ನು ಚಾಚಿ, ಅದರ ತುದಿಯಲ್ಲಿ ಬಿಸಿಲಿನ ಹಾಯಿಯೊಂದನ್ನು ಕಟ್ಟಿದ್ದರು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಹತ್ತಾರು ತೊಡಕುಗಳಿಗೆ ಸಿಕ್ಕಿ, ನಿಲುವನ್ನು ತಿದ್ದುವ ಇಂಧನವೆಲ್ಲ ತೀರಿಹೋಗಿ, ಅಲ್ಪಾಯುವಾಗಿ ಮುಗಿಯಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಮೇಲೇರಿದ ಇನ್ಸಾಟ್-1ಬಿಯ ರೆಕ್ಕೆಯೂ ಮೊದಮೊದಲು ಬಿಚ್ಚಿಕೊಳ್ಳದೆ ಸತಾಯಿಸಿತು. ಸೆಪ್ಟೆಂಬರಿನ ಮಧ್ಯದಲ್ಲಿ ಅದು ಬಿಚ್ಚಿಕೊಂಡಿತು. ಮುಂದೆ ದೇಶದ ಮೂಲೆಮೂಲೆಗೆ ದೂರದರ್ಶನ ಹಬ್ಬಿದ್ದು ಆ ಉಪಗ್ರಹದ ಬಲದಿಂದ.

ಪ್ರಶಾಂತ ಸೂರ್ಯನ ಬಿಸಿಲೇ ಇಷ್ಟು ಕಾಡಬಲ್ಲುದಾದರೆ ಪ್ರಕುಪಿತ ಸೂರ್ಯನ ಮಾತೇನು? ಭೂಸ್ಥಿರ ಕಕ್ಷೆಯು ಭೂಮಿಯನ್ನು ಬಳಸಿಕೊಂಡಿರುವ ವಿಕಿರಣ ಪಟ್ಟಿಗಳ ಹೊರಮೈಯಲ್ಲಿದೆ. ಬಿರುಗಾಳಿಯ ದಿನಗಳಲ್ಲಿ ಅಲ್ಲಿನ ಇಲೆಕ್ಟ್ರಾನುಗಳು ವೇಗಹೊಂದಿ ಉಪಗ್ರಹದ ಕವಚವನ್ನು ತೂರಿ, ಒಳಗಿನ ನಿರೋಧಕಗಳಲ್ಲಿ ಸ್ವಲ್ಪಸ್ವಲ್ಪವಾಗಿ ಶೇಖರವಾಗಿ, ಕಡೆಗೊಮ್ಮೆ ಸಣ್ಣ ಮಿಂಚಾಗಿ ಸಿಡಿಯುವುದುಂಟು. 1994ರ ಜನವರಿಯಲ್ಲಿ ಕೆನಡಾದ ಅನಿಕ್ ಉಪಗ್ರಹಗಳೆರಡು ನಿಲುವು ತಪ್ಪಿ ತೇಲಾಡಿದ್ದು ಹೀಗೆಯೇ. ಪ್ರೋಟಾನುಗಳಾದರೋ ಗಣಕದ ಸ್ಮೃತಿಯಲ್ಲಿ ಸೊನ್ನೆಯನ್ನು ಒಂದಾಗಿಸಿ ಒಂದನ್ನು ಸೊನ್ನೆಯಾಗಿಸುತ್ತವೆ, ಸೌರಫಲಕಗಳ ಆಯುಸ್ಸನ್ನು ಕುಂದಿಸುತ್ತವೆ. ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯುವ ಸಂವೇದಕಕ್ಕೆ ಅವು ಮಾಡುವ ಮೋಸ ಇನ್ನೂ ಸ್ವಾರಸ್ಯಕರವಾದದ್ದು. ಆ ಉಪಕರಣದ ಕಣ್ಣಿಗೆ ಪ್ರೋಟಾನೊಂದು ಬಡಿದಾಗ ಅಲ್ಲೊಂದು ಬಿಳಿಯ ಚುಕ್ಕಿ ಮೂಡುತ್ತದೆ. ಇಂಥವು ನೂರಾರಾದಾಗ, ಇಲ್ಲದ ನಕ್ಷತ್ರಪುಂಜಗಳ ನಡುವೆ ಇರುವ ನಕ್ಷತ್ರವನ್ನು ಅದು ಗುರುತಿಸಲಾರದೆ ಕಂಗೆಡುತ್ತದೆ.

2024ರ ಮೇ ತಿಂಗಳಿನಲ್ಲಿ ಇದೆಲ್ಲ ಪಠ್ಯಪುಸ್ತಕದ ಮಾತಾಗಿ ಉಳಿಯಲಿಲ್ಲ. ಸೂರ್ಯನ ಮೇಲೆ 13664 ಎಂದು ಅಂಕಿತವಾದ ದೈತ್ಯಾಕಾರದ ಕಲೆಗಳ ಗುಂಪೊಂದು ಮೇ 8ರಿಂದ ಎಕ್ಸ್ ವರ್ಗದ, ಎಂದರೆ ಅತ್ಯುಗ್ರ ವರ್ಗದ, ಜ್ವಾಲೆಗಳನ್ನು ಒಂದರ ಹಿಂದೊಂದಾಗಿ ಎಸೆದು, ಅವುಗಳೊಡನೆ ಹೊರಟ ಮೇಘಗಳು ದಾರಿಯಲ್ಲಿ ಒಂದನ್ನೊಂದು ಅಟ್ಟಿ ಹಿಡಿದು, ಮೇ 10ರ ರಾತ್ರಿ ನಮ್ಮ ಗಡಿಯಾರದಲ್ಲಿ ಹತ್ತೂವರೆಯ ಹೊತ್ತಿಗೆ ಭೂಮಿಯನ್ನು ಅಪ್ಪಳಿಸಿದುವು. 2003ರ ತರುವಾಯ ಅಷ್ಟು ಬಲವಾದ ಭೂಕಾಂತೀಯ ಬಿರುಗಾಳಿ ಬೀಸಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದವರಿಗೆ ಕ್ಷಿತಿಜದಲ್ಲಿ ಕೆಂಪು ಪ್ರಭೆ ಕಾಣಿಸಿತು. ಹಾಸನದ ಆಕಾಶದಲ್ಲಿ ಏನೂ ಕಾಣಲಿಲ್ಲ. ಕಂಡದ್ದು ನಿಯಂತ್ರಣ ಕೇಂದ್ರದ ಪರದೆಗಳ ಮೇಲೆ. ಹವಾಮಾನದ ಉಪಗ್ರಹಗಳಾದ ಇನ್ಸಾಟ್-3ಡಿಆರ್ ಮತ್ತು ಅದಕ್ಕೆ ಮೂರು ತಿಂಗಳ ಹಿಂದಷ್ಟೆ ಮೇಲೇರಿದ್ದ ಇನ್ಸಾಟ್-3ಡಿಎಸ್ ಇವುಗಳ ನಕ್ಷತ್ರ ಸಂವೇದಕಗಳನ್ನು ಮುಂಜಾಗ್ರತೆಯಾಗಿ ಆರಿಸಿಡಲಾಯಿತು. ಒಂದೇ ಪಾರ್ಶ್ವದಲ್ಲಿ ಸೌರಫಲಕವುಳ್ಳ ಕೆಲವು ಭೂಸ್ಥಿರ ಉಪಗ್ರಹಗಳಲ್ಲಿ, ನಿಲುವನ್ನು ಕಾಪಾಡುವ ಸಂವೇಗಚಕ್ರಗಳ ವೇಗವೂ ಅವು ಸೆಳೆಯುವ ವಿದ್ಯುತ್ತೂ ಇದ್ದಕ್ಕಿದ್ದಂತೆ ಸ್ವಲ್ಪ ಏರುಪೇರಾದುವು. ನಲವತ್ತು ವರ್ಷಗಳ ಹಿಂದಿನ ಆ ಒಂಟಿ ರೆಕ್ಕೆಯ ತೊಡಕು ಬೇರೊಂದು ವೇಷದಲ್ಲಿ ಮರಳಿ ಬಂದಂತಾಯಿತು. ಇದಕ್ಕಿಂತ ಹೆಚ್ಚಿನ ಹಾನಿ ಯಾವುದಕ್ಕೂ ಆಗಲಿಲ್ಲ. ಮೇ ತಿಂಗಳೆಂದರೆ ಹಾಸನದ ರೈತ ಆಲೂಗಡ್ಡೆಯ ಬಿತ್ತನೆಗೆ ಮುಂಗಾರುಪೂರ್ವದ ಮಳೆಯನ್ನು ಎದುರುನೋಡುವ ಕಾಲ. ಅವನಿಗೆ ರೇಡಿಯೊದಲ್ಲಿಯೂ ಮೊಬೈಲಿನಲ್ಲಿಯೂ ಬರುವ ಮುನ್ಸೂಚನೆಗೆ ಮೂಲವಾದ ಮೋಡದ ಚಿತ್ರಗಳನ್ನು ತೆಗೆಯುವ ಉಪಗ್ರಹಗಳೇ ಅವು ಎಂಬುದನ್ನು ಆ ರೈತನಿಗೆ ಯಾರೂ ಹೇಳಿರಲಾರರು.

ತಗ್ಗಿನ ಕಕ್ಷೆಯಲ್ಲಿರತಕ್ಕವುಗಳ ಕಷ್ಟ ಬೇರೆ ಬಗೆಯದು. ಬಿರುಗಾಳಿಯಿಂದ ಮೇಲಿನ ವಾಯುಮಂಡಲ ಕಾದು ಉಬ್ಬಿ, ಉಪಗ್ರಹಗಳ ದಾರಿಯಲ್ಲಿ ಗಾಳಿ ದಟ್ಟವಾಗಿ, ಅವು ದಿನಕ್ಕೆ ಇಂತಿಷ್ಟೆಂದು ಇಳಿಯುತ್ತಿದ್ದ ಎತ್ತರಕ್ಕಿಂತ ಬಹಳ ಹೆಚ್ಚು ಇಳಿಯುತ್ತವೆ. ಆ ಮೇ ತಿಂಗಳಿನಲ್ಲಿ ನಮ್ಮ ಕಾರ್ಟೊಸ್ಯಾಟ್-2ಎಫ್ ಉಪಗ್ರಹವೂ ಹೀಗೆ ವಾಡಿಕೆಗಿಂತ ಹಲವು ಪಟ್ಟು ಇಳಿಯಿತು. 2022ರ ಫೆಬ್ರವರಿಯಲ್ಲಿ, ಅಷ್ಟೇನೂ ದೊಡ್ಡದಲ್ಲದ ಬಿರುಗಾಳಿಗೆ, ಆಗತಾನೆ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಕಳೆದುಹೋದುವು. ವಯಸ್ಸಾದವರಿಗೆ ಸ್ಕೈಲ್ಯಾಬ್ ನೆನಪಿದ್ದೀತು. 1979ರ ಜುಲೈಯಲ್ಲಿ ಅದು ತಮ್ಮ ತಲೆಯ ಮೇಲೆಯೇ ಬೀಳುವುದೆಂದು ದೇಶದ ಹಳ್ಳಿಹಳ್ಳಿಗಳಲ್ಲಿ ಜನ ಕಳವಳಪಟ್ಟರಷ್ಟೆ. ಎಣಿಸಿದ್ದಕ್ಕಿಂತ ಬೇಗ ಅದನ್ನು ಕೆಳಕ್ಕೆಳೆದದ್ದು ಆ ವರ್ಷಗಳ ಸೌರಚಟುವಟಿಕೆಯಿಂದ ಉಬ್ಬಿದ ವಾಯುಮಂಡಲವೇ. ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಬಿದ್ದುವು.

ಇನ್ನು ಅಯಾನುಮಂಡಲ. ಜ್ವಾಲೆಯ ಕ್ಷ-ಕಿರಣಗಳು ಹಗಲಿನ ಕಡೆಯಲ್ಲಿ ನೆಲದಿಂದ ಅರುವತ್ತು ಎಪ್ಪತ್ತು ಕಿಲೋಮೀಟರ್ ಎತ್ತರದ ಗಾಳಿಯನ್ನು ಹೆಚ್ಚಾಗಿ ಅಯಾನೀಕರಿಸುವುದರಿಂದ, ಹಡಗಿನವರೂ ವಿಮಾನದವರೂ ಬಳಸುವ ಕಿರುತರಂಗಗಳು ಅಲ್ಲಿ ಹೀರಲ್ಪಟ್ಟು ಮೂಕವಾಗುತ್ತವೆ, ಹಾಸನದ ಎಫ್.ಎಂ. ಆಕಾಶವಾಣಿ ಅಯಾನುಮಂಡಲವನ್ನು ನಂಬಿದ್ದಲ್ಲವಾದ್ದರಿಂದ ಅದಕ್ಕೆ ಬಾಧಕವಿಲ್ಲ. ಬಾಧಕವಿರುವುದು ಜಿ.ಪಿ.ಎಸ್.ಗೆ ಮತ್ತು ಹಾಸನದಿಂದಲೇ ನಿಯಂತ್ರಿಸಲ್ಪಡುವ ನಮ್ಮ ನಾವಿಕ್ ಉಪಗ್ರಹಗಳ ಸಂಕೇತಗಳಿಗೆ. ಚನ್ನರಾಯಪಟ್ಟಣದ ಬಳಿ ಹೊಲದ ಹದ್ದುಬಸ್ತನ್ನು ಉಪಗ್ರಹದ ನೆರವಿನಿಂದ ಅಳೆಯುವ ಸರ್ವೆಯವನಿಗೆ ಸೆಂಟಿಮೀಟರುಗಳ ಲೆಕ್ಕ ಮುಖ್ಯ. ಅಯಾನುಮಂಡಲ ಕಲಕಿದಾಗ ಆ ಲೆಕ್ಕ ಮೀಟರುಗಳಿಗೆ ಜಾರಬಹುದು. ಕಾಂತೀಯ ವಿಷುವದ್ವೃತ್ತದ ನೆರೆಯವರಾದ ನಮಗೆ ಸೂರ್ಯ ಸುಮ್ಮನಿರುವಾಗಲೂ ಈ ಕಾಟವುಂಟು: ಮಾರ್ಚ್, ಸೆಪ್ಟೆಂಬರುಗಳ ಸುಮಾರಿಗೆ ಹೊತ್ತು ಮುಳುಗಿದ ಮೇಲೆ ಅಯಾನುಮಂಡಲದಲ್ಲಿ ವಿರಳವಾದ ಗುಳ್ಳೆಗಳೆದ್ದು ಸಂಕೇತಗಳನ್ನು ಮಿನುಗಿಸುತ್ತವೆ. 2024ರ ಬಿರುಗಾಳಿಯ ಮುಖ್ಯ ಹೊಡೆತ ನಮ್ಮಲ್ಲಿ ಮೇ 11ರ ನಸುಕಿನಲ್ಲಿ, ಅಯಾನುಮಂಡಲ ಇನ್ನೂ ಪೂರ್ತಿ ಬಲಿಯದ ಹೊತ್ತಿನಲ್ಲಿ ಬಿದ್ದದ್ದರಿಂದ ದೊಡ್ಡ ವ್ಯತ್ಯಯಗಳಾಗಲಿಲ್ಲ. ಸಂಜೆಯಲ್ಲಿ ಬಿದ್ದಿದ್ದರೆ ಕಥೆ ಇಷ್ಟು ಸರಳವಾಗಿರುತ್ತಿರಲಿಲ್ಲವೆಂಬುದು ನನ್ನ ಎಣಿಕೆ.

ಇದರೊಡನೆ ಸೇರಿಸಿ ಗೊಂದಲ ಮಾಡಬಾರದ ಎರಡು ಸಂಗತಿಗಳಿವೆ. ಮಾರ್ಚ್ ತಿಂಗಳ ಮಧ್ಯದಲ್ಲಿಯೂ ಸೆಪ್ಟೆಂಬರ್ ಕಡೆಯಲ್ಲಿಯೂ ಕೆಲವು ದಿನ ಕೆಲವು ನಿಮಿಷ ಡಿಶ್ ಟಿವಿಯ ಚಿತ್ರ ಮಂಕಾಗುವುದು, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ತನ್ನ ರೇಡಿಯೊ ಗದ್ದಲವನ್ನು ನಮ್ಮ ಬೋಗುಣಿಯೊಳಕ್ಕೆ ಸುರಿಯುವುದರಿಂದ. ಅದು ಜ್ಯಾಮಿತಿಯ ಫಲ, ಜ್ವಾಲೆಯದಲ್ಲ. ಇನ್ನೊಂದು, ಈ ರಾತ್ರಿ ವಿಶ್ವಕಿರಣಗಳು ಹಾದುಹೋಗುವುವು, ಮೊಬೈಲನ್ನು ದೂರವಿಟ್ಟು ಮಲಗಿರಿ ಎಂದು ವರ್ಷವರ್ಷವೂ ವಾಟ್ಸಾಪಿನಲ್ಲಿ ಸುತ್ತುವ ಓಲೆ. ಅದರ ಬಗ್ಗೆ ಹೆಚ್ಚು ಬರೆಯುವುದು ಕಾಗದದ ವ್ಯಯ.

ಮುನ್ಸೂಚನೆಯ ಕಾರ್ಯದಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಗೌರಿಬಿದನೂರಿನ ರೇಡಿಯೊ ದೂರದರ್ಶಕಗಳು ಸೂರ್ಯಕಿರೀಟದ ರೇಡಿಯೊ ಸ್ಫೋಟಗಳನ್ನು ದಶಕಗಳಿಂದ ಆಲಿಸುತ್ತಿವೆ. ಹೊಸಕೋಟೆಯ ಆವರಣದಲ್ಲಿ ಭಾರತೀಯ ಖಭೌತ ಸಂಸ್ಥೆ ಸಿದ್ಧಪಡಿಸಿದ ಕಿರೀಟದರ್ಶಕ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿದ ಆ ನೌಕೆ, ಮೇ ತಿಂಗಳಿನ ಜ್ವಾಲೆಗಳನ್ನೂ ಸೌರಮಾರುತದ ಹೆಚ್ಚಳವನ್ನೂ ಅಳೆದು ಕಳುಹಿಸಿತು. ಆದರೆ ಇಲ್ಲಿ ಒಂದು ಕಠಿನವಾದ ಮಿತಿಯಿದೆ. ಮೇಘ ಹೊರಟದ್ದು ದಿನಗಳ ಮೊದಲೇ ತಿಳಿದರೂ, ಅದರೊಳಗಿನ ಕಾಂತಕ್ಷೇತ್ರ ಉತ್ತರಮುಖವೋ ದಕ್ಷಿಣಮುಖವೋ ಎಂಬುದು ಅಂಥ ನೆಲೆಗಳನ್ನು ಅದು ಹಾಯುವವರೆಗೆ ಖಚಿತವಾಗಿ ತಿಳಿಯದು. ದಕ್ಷಿಣಮುಖವಾದರೆ ಮಾತ್ರ ಅದು ಭೂಮಿಯ ಕಾಂತರೇಖೆಗಳೊಡನೆ ಬೆಸೆದುಕೊಂಡು ಮಹಾಬಿರುಗಾಳಿಯಾಗುತ್ತದೆ. ಮತ್ತು ಆ ನೆಲೆಯಿಂದ ಭೂಮಿಗೆ ಅದರ ಪ್ರಯಾಣ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಯಾವ ಸಂವೇದಕವನ್ನು ಆರಿಸಬೇಕು, ಯಾವ ಕಕ್ಷಾತಿದ್ದುಪಡಿಯನ್ನು ಮುಂದೂಡಬೇಕು ಎಂಬುದನ್ನೆಲ್ಲ ಪಾಳಿಯಲ್ಲಿರುವವರು ಆ ಅವಧಿಯಲ್ಲಿ ನಿಶ್ಚಯಿಸತಕ್ಕದ್ದು.

ಆ ಕಲೆಗಳ ಗುಂಪಿನ ಅತ್ಯಂತ ಪ್ರಬಲವಾದ ಜ್ವಾಲೆ, ಎಕ್ಸ್ 8.7, ಹೊಮ್ಮಿದ್ದು ಬಿರುಗಾಳಿ ಕಳೆದ ಮೇಲೆ, ಮೇ 14ರಂದು; ಅಷ್ಟರಲ್ಲಿ ಸೂರ್ಯನ ಪರಿಭ್ರಮಣದಿಂದ ಆ ಗುಂಪು ಪಶ್ಚಿಮದ ಅಂಚನ್ನು ಸೇರಿದ್ದರಿಂದ ಅದರ ಮೇಘ ಭೂಮಿಯ ಕಡೆಗೆ ಬರಲಿಲ್ಲ. ಎರಡು ವಾರಗಳ ಕಾಲ ಸೂರ್ಯನ ಹಿಂಬದಿಯಲ್ಲಿದ್ದು, ಮೇ ತಿಂಗಳ ಕಡೆಯ ವಾರದಲ್ಲಿ ಅದು ಪೂರ್ವದಂಚಿನಿಂದ ಮರಳಿ ಬಂತು. ವಾಡಿಕೆಯಂತೆ ಅದಕ್ಕೆ 13697 ಎಂದು ಹೊಸ ಸಂಖ್ಯೆ ಕೊಟ್ಟರು. ಪೂರ್ತಿಯಾಗಿ ಈಚೆಗೆ ತಿರುಗುವ ಮೊದಲೇ, ಮೇ 27ರಂದು, ಅದು ಮತ್ತೊಂದು ಎಕ್ಸ್ ಜ್ವಾಲೆಯನ್ನು ಹೊಮ್ಮಿಸಿತ್ತು.